ಶಾಣ್ಯಾ ಮೋಟರು

ಮೋಟರು ತೆಂಗಿನಕಾಯಿಗಿಂತ ದೊಡ್ಡದಿರಲಿಲ್ಲ. ಆದರೆ ಮೌನೇಶಪ್ಪ ಕಮ್ಮಾರರು ಸ್ವಿಚ್ ಒತ್ತಿ ಕೊರೆಯುವ ಟೂಲನ್ನು ಲೋಹಕ್ಕೆ ತಾಗಿಸಿದ್ದೇ ತಡ, ಅವರ ಪುಟ್ಟ ಲೇಥು ಕೋಬಾಲ್ಟ್ ಮಿಶ್ರಲೋಹದ ಸಲಾಕೆಯನ್ನು ಸಾಬೂನಿನಂತೆ ಸುಲಿಯತೊಡಗಿತು. ಸಿಪ್ಪೆ ಸುರುಳಿ ಸುರುಳಿಯಾಗಿ ಟ್ರೇಗೆ ಬಿತ್ತು. ಬೆಲ್ಟು ಜಾರಲಿಲ್ಲ, ಟೂಲು ಕಿರುಚಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ನಲವತ್ತು ವರ್ಷ ಲೋಹ ಕೊರೆದ ಮನುಷ್ಯನಿಗೆ ಇದನ್ನು ಕಂಡು ಸಂತೋಷವಾಗಬೇಕಿತ್ತು. ಮೌನೇಶಪ್ಪನವರು ಮಾತ್ರ ಸ್ವಿಚ್ ಆರಿಸಿ ಮೋಟರನ್ನೇ ಅನುಮಾನದಿಂದ ನೋಡಿದರು.

ಅವರ ಹಳೆಯ ಮೋಟರು ಅರ್ಧ ಅಶ್ವಶಕ್ತಿಯದು. ಉಕ್ಕು, ಹಿತ್ತಾಳೆಗೆ ಸಾಕಾಗಿತ್ತು. ಆದರೆ ಆ ಕಾಲಕ್ಕೆ ಪೇಟೆಯಲ್ಲಿ ಉಳಿದಿದ್ದ ಕೆಲಸವೆಂದರೆ ಕೃತಕ ಸೊಂಟದ ಕೀಲಿಗೆ ಕೂರಿಸುವ ಗುಂಡುಗಳದ್ದು. ಆ ಮಿಶ್ರಲೋಹಕ್ಕೆ ಟೂಲು ಕೊಟ್ಟರೆ ಹಳೆಯ ಮೋಟರು ನರಳಿ, ಬಿಸಿಯಾಗಿ, ನಿಂತೇ ಬಿಡುತ್ತಿತ್ತು. ಆದ್ದರಿಂದ ಕೀಲು ತಯಾರಿಸುವ ಕಂಪನಿಯವರು ತಾವಾಗಿಯೇ ಬಂದು ಮೂರು ಅಶ್ವಶಕ್ತಿಯ ಹೊಸ ಮೋಟರನ್ನು ಪುಕ್ಕಟೆ ಕೂರಿಸಿಕೊಡುತ್ತೇವೆ ಎಂದಾಗ ಅವರು ಒಪ್ಪಿದರು. ಪುಕ್ಕಟೆ ಯಾಕೆ ಎಂದು ಕೇಳುವ ಬುದ್ಧಿ ಅವರಿಗೆ ಸಹಿ ಹಾಕಿದ ಮೇಲೆ ಬಂತು.

ಕೇಳಿದ್ದು ಆ ಮೋಟರನ್ನು ರೂಪಿಸಿದ ವಿಜ್ಞಾನಿ ಡಾ. ಮೃಣಾಲಿನಿ ತೊರಗಲ್ಲ ಅವರನ್ನು. ಧಾರವಾಡದವರು, ಸುಳ್ಳು ಹೇಳಲು ಬಾರದವರು.

“ಬರೇ ಬಲಾ ಹೆಚ್ಚು ಮಾಡಿದ್ರ ಇಷ್ಟು ಸಣ್ಣ ಲೇಥು ಮುರೀತಿತ್ತು, ಮೌನೇಶಪ್ಪನವರ,” ಎಂದರು ಆಕೆ. “ಇದರೊಳಗ ಅತಿವಾಹಕ ಸುರುಳಿ ಅದ. ಅದರಾಗ ಕರೆಂಟು ತಡೆ ಇಲ್ಲದ ಹರೀತದ, ಅದಕ್ಕ ಇಷ್ಟು ಸಣ್ಣದರಾಗ ಅಷ್ಟು ಬಲಾ. ಅದರ ಸುತ್ತ ಕಂಪನಗ್ರಾಹಿ ಅಂತ ಒಂದು ಪದರ ಅದ. ಲೇಥಿನ ಸಣ್ಣ ನಡುಕಾನೂ ಅದಕ್ಕ ಗೊತ್ತಾಗ್ತದ. ಗೊತ್ತಾಗಿ, ಎಷ್ಟು ಬೇಕೋ ಅಷ್ಟ ಬಲಾ ಕೊಡ್ತದ.”

“ಲೇಥಿಂದು ಗೊತ್ತಾಕ್ಕೈತಿ. ನಂದೂ ಗೊತ್ತಾಕ್ಕೈತೇನ್ರಿ, ಬಾಯಾರ?”

“ನಿಮ್ಮದೂ. ನೀವು ಎಲ್ಲೆ ಕೈ ಬಿಗಿ ಹಿಡೀತೀರಿ, ಎಲ್ಲೆ ಸಡಲ ಬಿಡ್ತೀರಿ, ಎಲ್ಲಾ ನೆನಪಿಟ್ಕೋತದ. ತೊಂಬತ್ತು ದಿವಸದಾಗ ನಿಮ್ಮ ಕೈಗುಣ ಪೂರ್ತಿ ಕಲೀತದ.”

“ಕಲತ ಮ್ಯಾಲ?”

ಡಾ. ತೊರಗಲ್ಲ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಆ ನೆನಪನ್ನ ನಲವತ್ತು ಹೊಸಾ ಲೇಥಿಗೆ ಹಾಕ್ತಾರ. ಅವಕ್ಕ ಹ್ಯಾಂಡಲ್ ತಿರಗಸಾಕ ಆಳು ಬೇಕಾಗೂದಿಲ್ಲ. ಅವನ್ನ ಹೋಲಿಸಿ ನೋಡಾಕ ಅಂತ ನಿಮ್ಮ ಲೇಥನ್ನೂ ಒಯ್ತಾರ. ನಲವತ್ತೂ ಸರಿಯಾಗಿ ಓಡಿದ ದಿನಾ ವಾಪಸ್ ಕೊಡ್ತಾರ. ಕರಾರಿನ್ಯಾಗ ಹಂಗ ಅದ.”

ಕೈಗಾರಿಕಾ ವಸಾಹತಿನ ಜನ ಅದರ ಜಾಣತನ ಕಂಡು ಶಾಣ್ಯಾ ಮೋಟರು ಎಂದು ಹೆಸರಿಟ್ಟರು. ಮೌನೇಶಪ್ಪನವರಿಗೆ ಅಂದಿನಿಂದ ನೆಮ್ಮದಿ ಇಲ್ಲದಾಯಿತು. ತನ್ನ ಅನ್ನಕ್ಕೆ ಕಲ್ಲು ಹಾಕುವವನಿಗೆ ತಾನೇ ದಿನವೂ ಪಾಠ ಹೇಳುವುದೆಂದರೇನು? ಒಂದು ದಿನ ಬೇಕೆಂದೇ ತಪ್ಪು ಕಲಿಸೋಣವೆಂದು ಟೂಲನ್ನು ಒಂದು ಕೂದಲಷ್ಟು ಹೆಚ್ಚು ಆಳಕ್ಕೆ ಕೊಟ್ಟರು. ಗುಂಡಿನ ಮೇಲೆ ಗೀರು ಬಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ, ಇದು ಯಾರದೋ ಸೊಂಟದೊಳಗೆ ಕೂರುವ ವಸ್ತು ಎಂಬುದು ನೆನಪಾಗಿ ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಬಂತು. ಗುಂಡನ್ನು ಗುಜರಿಗೆ ಎಸೆದು, ಡಾ. ತೊರಗಲ್ಲ ಅವರಿಗೆ ಫೋನು ಮಾಡಿ, “ಇವತ್ತಿಂದು ಅಳಿಸಿಬಿಡ್ರಿ, ನನ್ನ ಕೈ ತಪ್ಪೈತಿ,” ಎಂದರು. ಮತ್ತೆಂದೂ ತಪ್ಪು ಕಲಿಸಲಿಲ್ಲ. ಅಂಥ ಬುದ್ಧಿವಂತಿಕೆ ಅವರ ಕೈಗೆ ಒಗ್ಗುವಂಥದ್ದಲ್ಲ.

ಅವರಿಗೆ ಒಂದು ರೂಢಿಯಿತ್ತು. ಕಸುಬು ಕಲಿಸಿದ ಉಸ್ತಾದ ಇಮಾಮಸಾಬರು ಕೆಲಸದ ಜೊತೆಗೆ ಆ ಲೇಥನ್ನೂ ಅವರಿಗೆ ಬಿಟ್ಟುಹೋಗಿದ್ದರು, ರೂಢಿಯೂ ಅವರದೇ. ಕೊನೆಯ ನವಿರಾದ ಫಿನಿಶಿಂಗ್ ಕೊಡುವ ಮುನ್ನ ತಿರುಗುವ ಲೇಥಿನ ತಲೆಯ, ಅಂದರೆ ಬೇರಿಂಗು ಕೂತ ಪೆಟ್ಟಿಗೆಯ, ಮೇಲೆ ಎಡ ಅಂಗೈ ಇಟ್ಟು ಹತ್ತು ಉಸಿರು ಎಣಿಸುವುದು. ಬೇರಿಂಗು ಬಿಸಿಯಾಗಿದೆಯೇ ಎಂದು ನೋಡುವುದಕ್ಕೆ ಶುರುವಾದದ್ದಿರಬೇಕು. ಬೇರಿಂಗು ಹೊಸದಾದ ಮೇಲೂ ಮೌನೇಶಪ್ಪ ಬಿಡಲಿಲ್ಲ. ಆ ಹತ್ತು ಉಸಿರಿನ ಹೊತ್ತು ಮಾತ್ರ ಅವರಿಗೆ ತೊಂಬತ್ತು ದಿನದ ಲೆಕ್ಕ ಮರೆತುಹೋಗುತ್ತಿತ್ತು.

ತೊಂಬತ್ತೊಂದನೆಯ ದಿನ ಕಂಪನಿಯ ಟೆಂಪೊ ಬಂದು ಲೇಥನ್ನು ಒಯ್ದಿತು.

ಮನೆಯಲ್ಲಿ ಅವರು ಒಂದು ಕಡೆ ಕೂರಲಿಲ್ಲ. ಮಿಕ್ಸರ್ ಬಿಚ್ಚಿದರು, ಫ್ಯಾನು ಬಿಚ್ಚಿದರು. ಹೊಲಿಗೆ ಯಂತ್ರಕ್ಕೆ ಸ್ಕ್ರೂಡ್ರೈವರ್ ಹಿಡಿದಾಗ ಹೆಂಡತಿ ಶಾರವ್ವ ಅಡ್ಡ ಬಂದರು.

“ಅದನ್ನ ಮುಟ್ಟಬ್ಯಾಡ್ರಿ ಮತ್ತ. ಮಿಕ್ಸರ್ ಜೋಡಿಸಿ ಮೂರು ಸ್ಕ್ರೂ ಉಳಿಸೀರಿ. ಒಂದ್ ಕಡೆ ಕುಂದರ್ರಿ, ನನಗ ನೋಡಿದ್ರ ತಲಿ ತಿರಗತೈತಿ.”

ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಹೂವೇರಿಸುವ ಖಂಡೇಪೂಜೆಯ ದಿನ ಪೂಜಿಸಲು ಲೇಥಿರಲಿಲ್ಲ. ಮಣೆಯ ಮೇಲೆ ದಪ್ಪ ಅಳೆಯುವ ಪುಟ್ಟ ಮೈಕ್ರೋಮೀಟರನ್ನಿಟ್ಟು ಕುಂಕುಮ ಹಚ್ಚಿದರು. ಹೂವಿನ ಹಾರ ಅದಕ್ಕೆ ತೀರ ದೊಡ್ಡದಾಯಿತು. ಅದನ್ನು ಕಂಡು ಅವರಿಗೆ ಅಳು ಬಂತು, ಶಾರವ್ವನಿಗೂ ಬಂತು, ಇಬ್ಬರೂ ಊದುಬತ್ತಿಯ ಹೊಗೆಯ ಮೇಲೆ ತಪ್ಪು ಹಾಕಿದರು.

ಹಬ್ಬ ಕಳೆದ ನಾಲ್ಕನೆಯ ದಿನ ಬಾಗಿಲಿಗೆ ಕಾರು ಬಂತು. ಇಳಿದವರು ಡಾ. ತೊರಗಲ್ಲ. ಜೊತೆಗೆ ಕಂಪನಿಯ ವ್ಯವಸ್ಥಾಪಕ ಶ್ರೀವತ್ಸ. ಬೆಂಗಳೂರಿನವನು, ನಿಂತಲ್ಲೇ ನಾಲ್ಕು ಹೆಜ್ಜೆ ನಡೆಯುವ ಯುವಕ.

“ಸಾರ್, ಸ್ವಲ್ಪ ಬೇಗ ಬನ್ನಿ. ನಲವತ್ತೂ ನಿಂತ್ಬಿಟ್ಟಿವೆ,” ಎಂದ ಶ್ರೀವತ್ಸ.

ಅಲ್ಲ, ನಿಂತಿರಲಿಲ್ಲ. ಊರ ಹೊರಗಿನ ಹೊಸ ಶೆಡ್ಡಿನಲ್ಲಿ ನಲವತ್ತು ಲೇಥುಗಳೂ ತಿರುಗುತ್ತಲೇ ಇದ್ದವು. ಒರಟು ಕೆಲಸವನ್ನೆಲ್ಲ ಅವು ಒಂದೇ ಏಟಿಗೆ ಮುಗಿಸಿದ್ದವು. ಕೊನೆಯ ಫಿನಿಶಿಂಗ್‌ಗೆ ಬಂದಾಗ ಟೂಲನ್ನು ಹಿಂದಕ್ಕೆ ಸರಿಸಿ, ಬರಿದೇ ತಿರುಗುತ್ತಾ ಕಾಯುತ್ತಿದ್ದವು. ಮೂರು ದಿನದಿಂದ ಹಾಗೆಯೇ.

“ನಿಮ್ಮ ದಾಖಲೆ ಪೂರ್ತಿ ತೆಗೆದು ನೋಡಿದೆ,” ಎಂದರು ಡಾ. ತೊರಗಲ್ಲ. “ಪ್ರತಿ ಸಲಾ ಕೊನೀ ಫಿನಿಶಿಂಗ್‌ಕಿಂತ ಮೊದಲ ಒಂದು ಸಣ್ಣ ಬಡಿತ ಸಿಗ್ತದ. ಎಲ್ಲಿಂದ ಅಂತ ಎರಡು ದಿವಸ ತಲಿ ಕೆಡಿಸ್ಕೊಂಡೆ. ಅದು ನಿಮ್ಮ ನಾಡಿ, ಮೌನೇಶಪ್ಪನವರ. ನೀವು ಅಂಗೈ ಇಡ್ತೀರಲ್ಲ, ಅದರಾಗಿಂದು. ಅದು ಬರದ ಹೊರ್ತು ಫಿನಿಶಿಂಗ್ ಮಾಡಬಾರದು ಅಂತ ಮೋಟರು ಕಲತದ.”

“ಅದಷ್ಟ ಅಳಿಸಿಬಿಡ್ರಲಾ.”

“ಅಳಿಸಿ ನೋಡಿದೆ. ಗುಂಡಿನ ಮ್ಯಾಲಿನ ಹೊಳಪೂ ಹೋತು. ಯಾವುದು ಕೈಗುಣ, ಯಾವುದು ಬರೇ ರೂಢಿ ಅಂತ ಮೋಟರಿಗೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ ಬಿಡ್ರಿ,” ಎಂದರು ಮೌನೇಶಪ್ಪ.

ಬಿಸಿ ಮಾಡಿದ ರಬ್ಬರಿನ ಕೈಯನ್ನು ಇಟ್ಟು ನೋಡಿದ್ದರು. ಅದಕ್ಕೆ ನಾಡಿಯಿಲ್ಲ. ನಾಡಿಯಂತೆ ಬಡಿಯುವ ಯಂತ್ರವನ್ನು ಇಟ್ಟರು; ಗಡಿಯಾರದಷ್ಟು ಸಮನಾದ ಆ ಬಡಿತವನ್ನು ಮೋಟರು ನಂಬಲಿಲ್ಲ. ಶ್ರೀವತ್ಸ ತನ್ನ ಕೈಯನ್ನೇ ಇಟ್ಟ. ಲೇಥು ತಿರುಗುತ್ತಲೇ ಇತ್ತು, ಟೂಲು ಅಲುಗಲಿಲ್ಲ.

“ಈಗ ನಿಮ್ಮ ಕೈ ಇಡಿ ಸಾರ್. ಟೈಮಿಲ್ಲ,” ಎಂದ ಅವನು.

ಮೌನೇಶಪ್ಪ ಹತ್ತಿರದ ಲೇಥಿನ ಮೇಲೆ ಅಂಗೈ ಇಟ್ಟರು. ಏನೂ ಆಗಲಿಲ್ಲ. ಇನ್ನೊಂದರ ಮೇಲೆ ಇಟ್ಟರು. ಅದೂ ಒಲ್ಲೆ ಎಂದಿತು. ತಮ್ಮದೇ ಕೈಗುಣ ಕಲಿತ ಯಂತ್ರ ತಮ್ಮ ಕೈಯನ್ನೇ ಗುರುತಿಸದೆ ಹೋದಾಗ ಅವರ ಮುಖ ಸಣ್ಣದಾಯಿತು. ಶ್ರೀವತ್ಸ ಹಣೆ ಚಚ್ಚಿಕೊಂಡ.

ಡಾ. ತೊರಗಲ್ಲ ಪರದೆಯ ಮೇಲಿನ ಅಂಕಿಗಳನ್ನು ನೋಡಿದರು. ತೊಂಬತ್ತು ದಿನವೂ ಆ ಹತ್ತು ಉಸಿರಿನ ಹೊತ್ತಿಗೆ ನಾಡಿ ನಿಮಿಷಕ್ಕೆ ಅರವತ್ತೆರಡರ ಆಸುಪಾಸು. ಈಗ ನೂರಾ ನಾಲ್ಕು.

“ನಿಮಗ ಸಿಟ್ಟು ಬಂದದ,” ಎಂದರು ಮೆಲ್ಲಗೆ.

“ಬಂದೈತ್ರಿ. ಬರದ ಏನ್ ಮಾಡ್ತೈತಿ? ನನ್ನ ಕಡೆಯಿಂದ ಕಲತು ನನ್ನ ಹೊರಗ ಹಾಕಿದ್ರಿ. ಹಬ್ಬದ ದಿನಾ ನನ್ನ ಲೇಥಿಗೆ ಒಂದು ಹೂವು ಏರಿಸಾಕ ಆಗಲಿಲ್ಲ ನನಗ. ಈಗ ಕಾರ್ ತಂದು, ಬರ್ರಿ ಕೈ ಇಡ್ರಿ ಅಂತೀರಿ. ಎದಿ ಡಬಡಬ ಅನ್ನೂದು ಬಿಟ್ಟು ಮತ್ತೇನ್ ಮಾಡ್ತೈತ್ರಿ ಅದು?”

ಶ್ರೀವತ್ಸ ನಡೆಯುವುದನ್ನು ನಿಲ್ಲಿಸಿದ.

“ನಂದು ಎಲ್ಲೈತಿ?” ಎಂದು ಕೇಳಿದರು ಮೌನೇಶಪ್ಪ.

ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅವರ ಪುಟ್ಟ ಲೇಥಿತ್ತು. ಅವರು ಹಾಳೆ ತೆಗೆದರು. ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿದರು, ಟ್ರೇಯಲ್ಲಿ ಉಳಿದಿದ್ದ ಒಂದು ಸಿಪ್ಪೆಯನ್ನು ಎತ್ತಿ ಬಿಸಾಡಿದರು. ನಿಂತ ಲೇಥಿನ ತಲೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಹತ್ತು ಉಸಿರು ಸಾಲಲಿಲ್ಲ. ಎಷ್ಟು ಎಣಿಸಿದರೆಂದು ಅವರಿಗೇ ತಿಳಿಯಲಿಲ್ಲ. ಆಮೇಲೆ ಬಂದು ಮೊದಲನೆಯ ಹೊಸ ಲೇಥಿನ ಮೇಲೆ ಅದೇ ಅಂಗೈಯನ್ನಿಟ್ಟರು. ಟೂಲು ಮುಂದೆ ಸರಿಯಿತು. ಕೂದಲಿಗಿಂತ ತೆಳುವಾದ ಸಿಪ್ಪೆ ಎದ್ದು ಬಂತು, ಗುಂಡು ಕನ್ನಡಿಯಾಯಿತು.

ಮೋಟರು ಕಾಯುತ್ತಿದ್ದುದು ಶಾಂತವಾದ ನಾಡಿಗೆ, ಅದು ಯಾರದಾದರೂ ಆದೀತು; ಆದರೆ ಒಂದೊಂದು ಲೇಥಿಗೂ ಒಂದೊಂದು ಕೈ ಬೇಕಿತ್ತು. ಹೀಗೆ, ಆಳಿಲ್ಲದ ಕಾರ್ಖಾನೆಯೆಂದು ಕಟ್ಟಿದ ಶೆಡ್ಡಿಗೆ ನಲವತ್ತು ಆಳುಗಳು ಬೇಕೆಂದು ಕಂಪನಿ ಜಾಹೀರಾತು ಕೊಡಬೇಕಾಯಿತು. ಬಂದವರು ನಾನೂರು ಜನ. ಮೋಟರು ಒಬ್ಬರನ್ನೂ ಒಪ್ಪಲಿಲ್ಲ. ಕೆಲಸ ಬೇಕಾದವರ ಎದೆ ಸುಮ್ಮನಿರುತ್ತದೆಯೇ? ಯಾರಿಗೆ ಹೆಚ್ಚು ಬೇಕಿತ್ತೋ ಅವರ ನಾಡಿ ಹೆಚ್ಚು ಓಡುತ್ತಿತ್ತು. ಡಾ. ತೊರಗಲ್ಲ ಅವರ ಗಣಿತದಲ್ಲಿ ಇದು ಎಲ್ಲಿಯೂ ಇರಲಿಲ್ಲ. ಸೋತು ಮತ್ತೆ ಮೌನೇಶಪ್ಪನವರನ್ನು ಕರೆಸಿದರು. ತಮ್ಮ ಲೇಥು ಮೊದಲು ಮನೆಗೆ ಬರಲಿ, ಆಮೇಲೆ ತಾವು ಬರುವುದು ಎಂದರು ಮೌನೇಶಪ್ಪ. ಲೇಥು ಮರುದಿನವೇ ಬಂತು.

ಅಂದು ಸಾಲಿನಲ್ಲಿ ಮುಂದೆ ನಿಂತವಳು ಕಲ್ಲವ್ವ ಹಡಪದ. ಹದಿನಾಲ್ಕು ವರ್ಷ ಫಿಟರ್ ಆಗಿದ್ದು, ಇಂಥದೇ ಒಂದು ಹೊಸ ಯಂತ್ರ ಬಂದದ್ದರಿಂದ ಕೆಲಸ ಕಳೆದುಕೊಂಡು ಮನೆ ಸೇರಿದವಳು. ಕೈಯಲ್ಲಿದ್ದ ಪ್ರಮಾಣಪತ್ರಗಳ ಕಡತವನ್ನು ತೆರೆದು ಮುಚ್ಚಿ, ಮತ್ತೆ ತೆರೆಯುತ್ತಿದ್ದಳು. ಅವಳು ಅಂಗೈ ಚಾಚುವ ಮೊದಲೇ ಮೌನೇಶಪ್ಪ ತಡೆದರು.

“ತಡಿಯವ್ವಾ. ಕೆಲಸಾ ನಿನಗ ಸಿಕ್ಕೈತಿ. ನಾಳಿಂದ ಬಾ. ಈಗ ಹೋಗಿ ಒಂದು ಕಪ್ಪು ಚಹಾ ಕುಡುದು ಬಾ.”

ಶ್ರೀವತ್ಸ ಗಾಬರಿಯಾಗಿ ಅವರ ತೋಳು ಹಿಡಿದ. “ಸಾರ್, ಪರೀಕ್ಷೆ ಆಗೋ ಮುಂಚೇನೇ ಕೆಲಸ ಕೊಟ್ಟುಬಿಟ್ರಾ? ಪಾಸಾಗದೆ ಹೋದ್ರೆ?”

“ಕೆಲಸಾ ಕೊಟ್ಟ ಮ್ಯಾಲನ ಪಾಸಾಗೂದ್ರಿ. ಆರ್ಡರ್ ಬರದು ಕೊಡ್ರಿ ಮೊದಲ, ಸಹಿ ಹಾಕಿ. ಸುಳ್ಳ ಹೇಳಿದ್ರ ನಾಡಿಗೆ ಗೊತ್ತಾಕ್ಕೈತಿ.”

ಶ್ರೀವತ್ಸ ಡಾ. ತೊರಗಲ್ಲ ಅವರತ್ತ ನೋಡಿದ. ಆಕೆ ತಲೆಯಾಡಿಸಿದರು. ಅವನು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟ. ಕಲ್ಲವ್ವ ಅದನ್ನು ಎರಡು ಸಲ ಓದಿದಳು. ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಚಹಾ ಕುಡಿದಳು. ಅವಸರ ಮಾಡಲಿಲ್ಲ. ಕಪ್ಪು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಲೇಥಿನ ತಲೆಯ ಮೇಲೆ ಇಟ್ಟಳು.

ಟೂಲು ಮುಂದೆ ಸರಿಯಿತು.

ಸಾಲಿನಲ್ಲಿದ್ದ ಮುಂದಿನವರು ಕಡತ ಬಿಚ್ಚತೊಡಗಿದರು. ಅದನ್ನು ಮುಚ್ಚಿಡಲು ಹೇಳಿ, ಮೌನೇಶಪ್ಪ ಇನ್ನೂ ಮೂವತ್ತೊಂಬತ್ತು ಚಹಾ ತರಿಸಿದರು.