ಬೆವರಿದ ಕಪ್ಪೆ

ಹದಿನಾಲ್ಕನೇ ತಾರೀಖು ಶನಿವಾರ ಬೆಳಿಗ್ಗೆ 9.10ಕ್ಕೆ ಠಾಣೆಗೆ ಬಂದ ದೂರುದಾರರು ಕುರ್ಚಿಯಲ್ಲಿ ಕೂರುವ ಮೊದಲೇ ಕದ್ದವರು ಯಾರೆಂದು ಹೇಳಿಬಿಟ್ಟರು. ಕಳುವಾದದ್ದೇನು ಎಂಬುದು ಆಮೇಲೆ ಬಂತು.

ಅವರು ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯೊಂದರ ಕಾರ್ಯದರ್ಶಿ. ಹುಲಿ, ಜಿಂಕೆ, ನವಿಲುಗಳಿಗೆ ಪ್ರವೇಶವೇ ಇಲ್ಲದ ಸ್ಪರ್ಧೆ ಅದು. ಈ ನೆಲದವೇ ಆದರೂ ಯಾರೂ ತಿರುಗಿ ನೋಡದ ಕಪ್ಪೆ, ಬಾವಲಿ, ಸುಂಡಿಲಿ, ಓತಿಕ್ಯಾತಗಳಿಗೆ ಮಾತ್ರ ಅಲ್ಲಿ ಮರ್ಯಾದೆ. ಮೊದಲ ಬಹುಮಾನ ಒಂದು ಕಪ್ಪೆಯ ಫೋಟೋಗೆ ಬಂದಿತ್ತು. ಆ ಫೋಟೋದ ಮೂಲ ಮೆಮೊರಿ ಕಾರ್ಡ್ ಇದ್ದ ಮೊಹರು ಹಾಕಿದ ಲಕೋಟೆ ಪ್ರದರ್ಶನ ಭವನದ ಆಫೀಸ್ ರೂಮಿನ ಬೀರುವಿನಿಂದ ಮಾಯವಾಗಿತ್ತು.

"ಮಧ್ಯಾಹ್ನ ಮೂರಕ್ಕೆ ತೀರ್ಪುಗಾರರು ಲಕೋಟೆ ಒಡೀಬೇಕು ಮೇಡಂ. ಬೀರು ಕೀಲಿ ಇರೋದು ಕಾವಲು ಹೆಂಗಸಿನ ಹತ್ರ ಮಾತ್ರ. ಅವಳೇ. ಬರ್ಕೊಳ್ಳಿ."

"ಕೀಲಿ ಇಟ್ಕೊಂಡೋರೆಲ್ಲ ಕಳ್ಳರಾದ್ರೆ ಮೊದಲು ನನ್ನ ಲಾಕಪ್ಪಿಗೆ ಹಾಕ್ಬೇಕು," ಎಂದರು ಇನ್ಸ್‌ಪೆಕ್ಟರ್. ಎಫ್‌ಐಆರ್‌ನಲ್ಲಿ ಆರೋಪಿಯ ಕಾಲಂನಲ್ಲಿ 'ಅಪರಿಚಿತ' ಎಂದು ಬರೆಸಿದರು. ಕಾರ್ಯದರ್ಶಿಯ ಮುಖ ಸಪ್ಪಗಾಯಿತು.

10.15ಕ್ಕೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಭವನ ತಲುಪಿದರು. ಕಾವಲು ಹೆಂಗಸು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಇಪ್ಪತ್ತೆರಡು ವರ್ಷ ಅದೇ ಭವನದಲ್ಲಿ ದುಡಿದವರು. ಎಲ್ಲರೂ ಕರೆಯುವುದು ಕೀಲಿಯಮ್ಮ ಎಂದೇ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವರ ಕೀಲಿಗೊಂಚಲನ್ನು ಕಾರ್ಯದರ್ಶಿ ಬೆಳಿಗ್ಗೆಯೇ ಎಲ್ಲರೆದುರು ಕಿತ್ತುಕೊಂಡಿದ್ದರು.

"ಸಂಜೆಯೊಳಗೆ ಲಕೋಟೆ ಸಿಗದಿದ್ರೆ ನಾಳೆಯಿಂದ ಬರಬೇಡ ಅಂದ್ರು. ಕಳ್ಳಿ ಅನ್ನಿಸ್ಕೊಂಡು ಮನೇಲಿ ಹೇಗಮ್ಮ ಕೂತ್ಕೊಳ್ಳಲಿ?"

"ಸಂಜೆಗೆ ಇನ್ನೂ ಹೊತ್ತಿದೆ. ನಿನ್ನೆ ಕೀಲಿ ಕೈಬಿಟ್ಟು ಹೋಗಿತ್ತಾ?"

"ಒಂದೇ ಸಲ. ಆರೂವರೆಗೆ ಫಲಿತಾಂಶ ಹೇಳಿದ್ರು. ಗೆದ್ದ ಮೂವರೂ ಫೋಟೋ ಕೆಳಗೆ ಅಂಟಿಸೋ ಚೀಟಿಗೆ ಸಹಿ ಹಾಕೋಕೆ ಆಫೀಸ್ ರೂಮಿಗೆ ಬಂದ್ರು. ಕಪ್ಪೆ ಫೋಟೋದವನ ತಾಯಿ ನಿಂತೇ ಇದ್ರು, ಪಾಪ, ಮಂಡಿ ನೋವಂತೆ. ಕುರ್ಚಿ ತರೋಕೆ ಒಳಗೋದೆ. ಗೊಂಚಲು ಮೇಜಿನ ಮೇಲಿತ್ತು."

ಪಂಚನಾಮೆ ಶುರುವಾಯಿತು. ಬೀರುವಿನ ಬೀಗ ಸರಿಯಾಗಿತ್ತು, ಮೀಟಿದ ಗುರುತಿರಲಿಲ್ಲ. ಎರಡನೇ ಮತ್ತು ಮೂರನೇ ಬಹುಮಾನದ ಲಕೋಟೆಗಳು ಇದ್ದಲ್ಲೇ ಇದ್ದವು.

"ಎರಡನೇ ಬಹುಮಾನದವನು ಹೊಟ್ಟೆಕಿಚ್ಚಿಗೆ ಎತ್ತಿರಬೇಕು ಮೇಡಂ," ಎಂದರು ದಫೇದಾರರು.

ಇನ್ಸ್‌ಪೆಕ್ಟರ್ ಕಾರ್ಯದರ್ಶಿಯತ್ತ ತಿರುಗಿದರು. "ಮೂಲ ಕಾರ್ಡ್ ನಿಮ್ಮ ಕಚೇರಿಯಲ್ಲೇ ಕಳೆದುಹೋದ್ರೆ ಬಹುಮಾನ ಯಾರಿಗೆ?"

"ಅದು ನಮ್ಮ ತಪ್ಪಾಗುತ್ತೆ. ಬಹುಮಾನ ಗೆದ್ದವನಿಗೇ. ನಿಯಮದಲ್ಲೇ ಇದೆ."

"ಹಾಗಾದ್ರೆ ಎರಡನೆಯವನಿಗೆ ಸಿಗೋದು ಸೊನ್ನೆ. ನಡೀರಿ, ಕಪ್ಪೆ ನೋಡೋಣ."

ಕಪ್ಪೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೂದು ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತಿತ್ತು. ಮೈತುಂಬಾ ಸಣ್ಣ ಸಣ್ಣ ನೀರಹನಿ. ಕೆಳಗಿನ ಚೀಟಿಯಲ್ಲಿ 'ಧ್ಯಾನ: ಬೇಸಿಗೆ, ಮಧ್ಯಾಹ್ನ 1.20' ಎಂದಿತ್ತು. ದಫೇದಾರರು ದಿನಕ್ಕೆ ನಾಲ್ಕು ಸೋಡಾ ಕುಡಿಯುವ ಮನುಷ್ಯ. ಫೋಟೋದ ಹತ್ತಿರ ಮುಖ ಒಯ್ದು ಹುಬ್ಬು ಗಂಟಿಕ್ಕಿದರು.

"ಅಲ್ಲ ಮೇಡಂ, ಮಳೆ ಬಂದಿದ್ರೆ ಬಂಡೆನೂ ನೆನೀಬೇಕಲ್ವಾ? ಬಂಡೆ ಒಣಗಿ ಬೆಂಡಾಗಿದೆ. ಕಪ್ಪೆ ಮಾತ್ರ ಫ್ರಿಜ್‌ನಿಂದ ತೆಗೆದ ಸೋಡಾ ಬಾಟಲಿ ಥರ ಬೆವರಿದೆ."

ಪಕ್ಕದಲ್ಲಿದ್ದ ಕಾರ್ಯದರ್ಶಿ ನಾಲಿಗೆ ಕಚ್ಚಿಕೊಂಡರು. ಅವರಿಗೆ ತಿಳಿಯದ ವಿದ್ಯೆಯೇನಲ್ಲ ಅದು. ತಣ್ಣಗಾದರೆ ಕಪ್ಪೆಗೆ ಜೋಮು ಹಿಡಿಯುತ್ತದೆ, ನೆಗೆಯುವುದಿಲ್ಲ. ಅದಕ್ಕೇ ಫ್ರಿಜ್‌ನಲ್ಲಿಟ್ಟು ತೆಗೆದು ಫೋಟೋ ಹೊಡೆಯುವವರು ಇದ್ದಾರೆ. ಸ್ಪರ್ಧೆಯಲ್ಲಿ ಅದಕ್ಕೆ ಸಂಪೂರ್ಣ ನಿಷೇಧ. ಗೆದ್ದವರ ಇಡೀ ಕಾರ್ಡ್ ತೆರೆದು ಹಿಂದಿನ, ಮುಂದಿನ ಫೋಟೋಗಳನ್ನೂ ತೀರ್ಪುಗಾರರು ನೋಡುವುದು ಇಂಥದ್ದನ್ನು ಹಿಡಿಯಲೆಂದೇ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಸಾರ್?"

"ಕಪ್ಪೆ ಅಷ್ಟು ಚೆನ್ನಾಗಿತ್ತು ಮೇಡಂ. ನೋಡಿದೆ, ಮರುಳಾದೆ," ಎಂದು ಕಾರ್ಯದರ್ಶಿ ತಲೆ ತಗ್ಗಿಸಿದರು.

11.50. ಗೆದ್ದವನದು ಬಸ್ ನಿಲ್ದಾಣದ ಎದುರಿನ ಪಾಸ್‌ಪೋರ್ಟ್ ಫೋಟೋ ಸ್ಟುಡಿಯೋ, ಹಿಂಬದಿಯಲ್ಲೇ ಮನೆ. ವಯಸ್ಸು ನಲವತ್ತರ ಆಸುಪಾಸು. ಬಿಳಿ ಪರದೆ ಮುಂದೆ ಗಿರಾಕಿಯನ್ನು ಕೂರಿಸಿ "ಅಲ್ಲಾಡ್ಬೇಡಿ, ಗದ್ದ ಸ್ವಲ್ಪ ಕೆಳಗೆ" ಎನ್ನುತ್ತಿದ್ದ. ಖಾಕಿ ಕಂಡದ್ದೇ ತಡ, ಗಿರಾಕಿಯ ಬದಲು ಬಾಗಿಲನ್ನೇ ಕ್ಲಿಕ್ಕಿಸಿದ. ಗಿರಾಕಿಯನ್ನು ಕಳುಹಿಸಿ, ಪಕ್ಕದ ಅಂಗಡಿಯ ದರ್ಜಿಯನ್ನೂ ಚಪ್ಪಲಿ ವ್ಯಾಪಾರಿಯನ್ನೂ ಪಂಚರಾಗಿ ಕರೆಸಲಾಯಿತು.

"ನಿಮ್ಮ ಫ್ರಿಜ್ ನೋಡ್ಬೇಕು."

"ಫ್ರಿಜ್ಜಾ? ಫ್ರಿಜ್ ಯಾಕೆ ಮೇಡಂ?"

ಒಳಗಿಂದ ಅವನ ತಾಯಿ ಕುಂಟುತ್ತಾ ಬಂದರು. "ಆ ತೂತಿನ ಡಬ್ಬಿ ವಿಷಯಾನಾ? ನಾನು ಬಡ್ಕೊಂಡೆ ಕಣಮ್ಮ, ಹಾಲು ಮೊಸರು ಇಡೋ ಜಾಗದಲ್ಲಿ ಅದೆಂಥದೋ ಇಡಬೇಡ್ವೋ ಅಂತ. ಕೇಳಿದ್ರೆ ತಾನೇ?"

ಮಗ ಕಣ್ಣು ಮುಚ್ಚಿಕೊಂಡ. ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಒದ್ದೆ ಹತ್ತಿ. ಮುಂದೆ ಹುಡುಕುವ ಮೊದಲೇ ಅವನು ಜೇಬಿಗೆ ಕೈ ಹಾಕಿ ಕಾರ್ಡನ್ನು ಮೇಜಿನ ಮೇಲಿಟ್ಟ. 12.25ಕ್ಕೆ ಜಪ್ತಿ, 12.40ಕ್ಕೆ ದಸ್ತಗಿರಿ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು.

"ಇಂಥ ಕಾರ್ಡನ್ನ ನೀವಾಗೇ ಸ್ಪರ್ಧೆಗೆ ಯಾಕೆ ಕೊಟ್ರಿ?"

"ಏಳು ವರ್ಷದಿಂದ ಕೊಡ್ತಿದೀನಿ ಮೇಡಂ. ಗೆಲ್ಲದವರ ಲಕೋಟೆ ಒಡೆಯದೇ ವಾಪಸ್ ಬರುತ್ತೆ. ಈ ಸಲಾನೂ ಬರುತ್ತೆ ಅನ್ಕೊಂಡು ಹಾಗೇ ಹಾಕಿ ಅಂಟಿಸ್ದೆ. ಗೆಲ್ತೀನಿ ಅಂತ ಯಾರಿಗೆ ಗೊತ್ತಿತ್ತು? ನಿನ್ನೆ ಉಳಿದಿಬ್ಬರು ಸಹಿ ಹಾಕೋ ಗಡಿಬಿಡೀಲಿದ್ದಾಗ ಬೀರು ತೆಗೆದು ಎತ್ಕೊಂಡೆ."

"ಎತ್ಕೊಂಡ ಮೇಲೆ ಎಸೀಬಹುದಿತ್ತಲ್ಲ?"

"ಚರಂಡಿ ತನಕ ಹೋದೆ. ಕೈ ಬರಲಿಲ್ಲ. ಗೆದ್ದ ಫೋಟೋ ಅಲ್ವಾ? ಮೂಲ ಅದೊಂದೇ."

"ಒಪ್ಕೊಂಡು ಬಹುಮಾನ ಬಿಟ್ಟಿದ್ರೆ ಮುಗೀತಿತ್ತು."

"ನಮ್ಮಮ್ಮ ನಿನ್ನೆ ಕುರ್ಚಿ ಮೇಲೆ ಕೂತ್ಕೊಂಡು, ಬಂದವರಿಗೆಲ್ಲ 'ಇದು ನನ್ನ ಮಗ ತೆಗೆದಿದ್ದು' ಅಂತಿದ್ರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಇವತ್ತು ಮೂರು ಗಂಟೆಗೆ ಅವರ ಮುಂದೆ ಹೇಗೆ ನಿಲ್ಲಲಿ?"

"ಅದೇ ಕುರ್ಚಿ ತಂದುಕೊಟ್ಟವರ ಮೇಲೆ ಕಳ್ಳತನ ಬರುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು," ಎಂದ.

2.30ಕ್ಕೆ ಕಾರ್ಯದರ್ಶಿ ಕೀಲಿಯಮ್ಮನನ್ನು ಕರೆದುಕೊಂಡು ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ಹುಬ್ಬೇರಿಸಿದ್ದನ್ನು ಕಂಡು ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಕೀಲಿಯಮ್ಮನಿಗೆ ಒಪ್ಪಿಸಿದರು. "ತಪ್ಪಾಯ್ತಮ್ಮ. ಇದನ್ನ ಎಲ್ಲರೆದುರೂ ಹೇಳ್ತೀನಿ."

"ಹೇಳಿ ಸಾರ್, ಜೋರಾಗೇ ಹೇಳಿ," ಎಂದರು ಕೀಲಿಯಮ್ಮ. ಸಾಕ್ಷಿ ಹೇಳಿಕೆಗೆ ಸಹಿ ಹಾಕಲು ಪೆನ್ನು ಹಿಡಿದವರು ಬೆಂಚಿನ ಮೇಲಿದ್ದವನತ್ತ ನೋಡಿದರು. ಅವರು ಬೈಯುತ್ತಾರೆ ಎಂದು ಎಲ್ಲರೂ ಕಾದರು.

"ಅಲ್ಲಪ್ಪಾ, ಆ ಕಪ್ಪೆ ಬದುಕಿದೆಯಾ?"

ಇನ್ಸ್‌ಪೆಕ್ಟರ್ ಕಡತದಿಂದ ತಲೆ ಎತ್ತಿದರು. ಒಂಬತ್ತು ಪುಟ ಹೇಳಿಕೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಕಾರ್ಯದರ್ಶಿಗೂ ಅದು ಹೊಳೆದಿರಲಿಲ್ಲ.

"ನಾಲ್ಕು ಸಲ ಇಟ್ಟು ತೆಗೆದೆ. ಎಚ್ಚರ ಆದ ಕೂಡಲೇ ನೆಗೀತಿತ್ತು," ಎಂದ ಅವನು ನೆಲ ನೋಡುತ್ತಾ. "ಐದನೇ ಸಲ ಐಸ್ ಖಾನೆಗೆ ಹಾಕಿದೆ. ಆಮೇಲೆ ಅಲ್ಲಾಡಲಿಲ್ಲ. ಗೆದ್ದ ಫೋಟೋ ಅದೇ."

ಕೀಲಿಯಮ್ಮ ಸಹಿ ಹಾಕಿ ಗೊಂಚಲು ತೆಗೆದುಕೊಂಡು ಎದ್ದರು. ಆ ಫೋಟೋ ಗೋಡೆಯಿಂದ ಇಳಿಸಲು ಏಣಿ ಬೇಕು, ಮೂರು ಗಂಟೆಯೊಳಗೆ ಆಗಬೇಕು ಎಂದು ಕಾರ್ಯದರ್ಶಿಗೆ ಹೇಳಿ ಹೊರಟರು. ಇನ್ಸ್‌ಪೆಕ್ಟರ್ ಹೊಸ ಹಾಳೆ ತೆಗೆದು ದಫೇದಾರರ ಮುಂದಿಟ್ಟರು.

"ಅದನ್ನೂ ಬರ್ಕೊಳ್ಳಿ," ಎಂದರು.