ನುಂಗಿದ ಮಾತಿನ ಅಳತೆ

"ಬನ್ನಿ, ಕೂತ್ಕೊಳ್ಳಿ. ಮೊನ್ನೆ ತಗೊಂಡು ಹೋದ ಸೀರೆ ವಾಪಸ್ ತಂದ್ರಾ? ಅದಕ್ಕೆಂತ, ಕೊಡಿ," ಎಂದು ಬಟ್ಟೆ ಅಂಗಡಿಯ ಸಂಜೀವ ಶೇರಿಗಾರ ನಗುನಗುತ್ತಾ ಗಿರಾಕಿಯತ್ತ ಕೈ ಚಾಚಿದ. ಅವನ ಕೊರಳಿಗೆ ಸುತ್ತಿದ್ದ ಬೂದುಬಣ್ಣದ ಪಟ್ಟಿಯ ಮೇಲೆ ಅಂಕಿ ಹನ್ನೊಂದರಿಂದ ಒಮ್ಮೆಲೇ ಮೂವತ್ತಕ್ಕೆ ಹಾರಿತು. ಸೀರೆಯ ಅಂಚಿನಲ್ಲಿ ಸಾರಿನ ಕಲೆ ಕಂಡಾಗ ಅದು ನಲವತ್ತನ್ನು ದಾಟಿತು. ಶೇರಿಗಾರನ ನಗು ಮಾತ್ರ ಇದ್ದಲ್ಲೇ ಇತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜಲಜಾಕ್ಷಿಗೆ ನಗು ತಡೆಯಲಾಗಲಿಲ್ಲ. ಆಕೆ ಪಡುಬಂದರಿನ ಸುಂಕದ ಕಟ್ಟೆಯ ಹಿರಿಯ ಅಧಿಕಾರಿ.

"ಅವನು ಮನಸ್ಸಿನಲ್ಲಿ ಬೈದದ್ದೆಲ್ಲ ಇದಕ್ಕೆ ಕೇಳಿಸ್ತದಾ ಡಾಕ್ಟ್ರೇ?"

"ಕೇಳುವುದಿಲ್ಲ. ಎಷ್ಟು ನುಂಗಿದ ಅಂತ ಮಾತ್ರ ಗೊತ್ತಾಗ್ತದೆ. ಎಂತ ನುಂಗಿದ ಅಂತ ಗೊತ್ತಾಗುವ ಯಂತ್ರ ಮಾಡಿದ್ರೆ ನನ್ನ ಹೆಂಡತಿ ನನ್ನನ್ನು ಮನೆಗೆ ಸೇರಿಸ್ಲಿಕ್ಕಿಲ್ಲ," ಎಂದರು ಡಾ. ಇಗ್ನೇಷಿಯಸ್ ಲೋಬೊ.

ಲೋಬೊ ಕಂಡುಹಿಡಿದ ಆ ಉಪಕರಣದ ಹೆಸರು ಮೌನಮಾಪಕ. ಅದರ ತತ್ತ್ವ ಸರಳವಾದದ್ದು. ಮನುಷ್ಯ ಮಾತಾಡುವ ಮೊದಲು ಮಿದುಳಿನಿಂದ ನಾಲಿಗೆಗೂ ಗಂಟಲಿಗೂ ಒಂದು ಆಜ್ಞೆ ಹೋಗುತ್ತದೆ. ಕೊನೇ ಗಳಿಗೆಯಲ್ಲಿ ಮಾತು ಬೇಡವೆಂದು ತಡೆದರೂ ಸ್ನಾಯುಗಳಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಎದ್ದು ಅಡಗಿರುತ್ತದೆ. ಪಟ್ಟಿ ಆ ಅಲೆಗಳನ್ನು ಎಣಿಸುತ್ತದೆ. ಹೀಗೆ ತಡೆದ ಒಂದೊಂದು ಮಾತಿಗೂ ಲೋಬೊ ಇಟ್ಟ ಹೆಸರು 'ಗುಟುಕು'.

ಪಡುಬಂದರು ಅಂಗೈಯಗಲದ ನಾಡು. ಅಲ್ಲಿ ಬೆಳೆಯುವುದೇನೂ ಇಲ್ಲ, ಮಾರದೆ ಇರುವುದೂ ಏನೂ ಇಲ್ಲ. ಜಗತ್ತಿನ ಹಡಗುಗಳೆಲ್ಲ ಅದರ ಕಟ್ಟೆಗೆ ಬಂದು ನಿಲ್ಲುತ್ತಿದ್ದವು. ಗುಡ್ಡಸಾಲಿನ ಆಚೆ ಮೂಡಣಸೀಮೆ. ಒಂದು ಕಾಲಕ್ಕೆ ಎರಡೂ ಒಂದೇ ನಾಡು, ಒಂದೇ ಭಾಷೆ. ಮೂರು ತಲೆಮಾರುಗಳ ಹಿಂದೆ ಮೂಡಣಸೀಮೆ ತನ್ನ ಬಾಗಿಲು ಹಾಕಿಕೊಂಡಿತ್ತು. ಒಳಗಿನವರು ಹೊರಗೆ ಬರುವಂತಿರಲಿಲ್ಲ, ಹೊರಗಿನ ಸುದ್ದಿ ಒಳಗೆ ಹೋಗುವಂತಿರಲಿಲ್ಲ. ಮಹಾಪಾಲಕ ಎಂಬ ಒಬ್ಬನ ಮಾತು ಮಾತ್ರ ಅಲ್ಲಿ ಮಾತು.

ಎರಡೂ ನಾಡುಗಳ ಮೌನವನ್ನು ಅಳೆದು ಜಗತ್ತಿಗೆ ತೋರಿಸಬೇಕೆಂಬ ಯೋಚನೆ ಪಡುಬಂದರಿನ ವಾಣಿಜ್ಯ ಸಭೆಯದು. ತಮ್ಮ ನಾಡಿನಲ್ಲಿ ಬಾಯಿಗೆ ಬೀಗವಿಲ್ಲ ಎಂದು ಅಂಕಿಯಲ್ಲೇ ಸಾಬೀತಾದರೆ ಹಡಗುಗಳು ಇನ್ನಷ್ಟು ಬರುತ್ತವೆ ಎಂಬುದು ಅವರ ಲೆಕ್ಕ. ಆಶ್ಚರ್ಯವೆಂದರೆ ಮೂಡಣಸೀಮೆ ಒಪ್ಪಿಕೊಂಡಿತು. ಅಳೆಯಲು ಲೋಬೊ ಹೊರಟರು. ಅಳತೆಗೆ ಸಾಕ್ಷಿಯಾಗಿ ಜಲಜಾಕ್ಷಿ ಹೊರಟಳು.

ಅವಳನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಪಡುಬಂದರಿನ ಹರಾಜುಕಟ್ಟೆಯಲ್ಲಿ ಕಾಳುಮೆಣಸಿನ ದರವನ್ನು ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ವ್ಯಾಪಾರಿಗಳು ಟವೆಲ್ಲಿನ ಅಡಿ ಕೈ ಹಿಡಿದು ಬೆರಳಿನಲ್ಲೇ ಕುದುರಿಸುತ್ತಾರೆ. ಹಿಂದೆ ಲಂಚವೂ ಹಾಗೆಯೇ ಕೈ ದಾಟುತ್ತಿತ್ತು. ಅದಕ್ಕಾಗಿ ಒಂದು ಕಟ್ಟುನಿಟ್ಟಾದ ನಿಯಮ ಬಂತು: ಬಟ್ಟೆಯ ಅಡಿ ಯಾರಾದರೂ ಅಧಿಕಾರಿಯ ಕೈ ಹಿಡಿದರೆ ಆತ ಆ ಕ್ಷಣವೇ ಎದ್ದು ನಿಂತು ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಬೇಕು. ಜಲಜಾಕ್ಷಿ ಇಪ್ಪತ್ತು ವರ್ಷ ಹೀಗೆ ಕೈ ಎತ್ತಿದವಳು. ಅವಳ ಕೈ ಅವಳ ಯೋಚನೆಗಿಂತ ಬೇಗ ಏಳುತ್ತದೆ ಎಂದು ಕಟ್ಟೆಯಲ್ಲಿ ಜನ ತಮಾಷೆ ಮಾಡುತ್ತಿದ್ದರು. ಅವಳಿಗೆ ಅದು ಹೆಮ್ಮೆಯ ಮಾತಾಗಿತ್ತು.

ಗಡಿಯಲ್ಲಿ ಅವರನ್ನು ಎದುರುಗೊಂಡ ಅಧಿಕಾರಿ ಕೊಟ್ರೇಶಪ್ಪ ಸಂಭಾವಿತ. ಜೀಪಿನಲ್ಲಿ ಅವಳು ಈ ನಿಯಮವನ್ನು ಹೇಳಿದಾಗ ಆತ ತಲೆದೂಗಿದ.

"ಭಾಳ ಚಲೋ ನಿಯಮ ಐತ್ರಿ ಮೇಡಂ. ನಮ್ಮಲ್ಲಿ ಅದರ ಅವಶ್ಯಕತಾನೇ ಇಲ್ಲ, ನೋಡ್ರಿ. ಕೊಡೋರೂ ಇಲ್ಲ, ತಗೊಳ್ಳೋರೂ ಇಲ್ಲ."

ಕೊಡಲು ಏನಾದರೂ ಇರಬೇಕಲ್ಲ ಎಂದು ಅವಳಿಗೆ ಅನ್ನಿಸಿತು. ನುಂಗಿಕೊಂಡಳು.

ಮೂಡಣಸೀಮೆಯ ಬೀದಿಗಳು ಅಗಲವಾಗಿದ್ದವು, ಖಾಲಿಯಾಗಿದ್ದವು, ಗುಡಿಸಿದಂತಿದ್ದವು. ಚಳಿಗಾಳಿ ಬೀಸುತ್ತಿತ್ತು. ಎಲ್ಲರ ಮೈಮೇಲೂ ಒಂದೇ ಬಣ್ಣದ ಕಂಬಳಿ. ವರ್ಷಕ್ಕೊಮ್ಮೆ ಮಹಾಪಾಲಕ ಕೊಡುವ ಉಡುಗೊರೆ, ಹೊದೆಯದಿದ್ದರೆ ಅಪರಾಧ. ಕಟ್ಟೆಗಳ ಮೇಲೆ, ಕಿವಿಗೊಟ್ಟು ಕೂತ ಕಾವಲಿನವರ ಪಕ್ಕದಲ್ಲೇ, ಜನ ಇಬ್ಬಿಬ್ಬರಾಗಿ ಒತ್ತಿಕೊಂಡು ಕೂತಿರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಪಾಪ, ಚಳಿಗೆ ಎಂದುಕೊಂಡಳು ಜಲಜಾಕ್ಷಿ.

ಅಳತೆ ಶುರುವಾದ ಮೇಲೆ ಲೋಬೊ ಅವರ ಮುಖ ಬಾಡತೊಡಗಿತು. ಪಡುಬಂದರಿನಲ್ಲಿ ಗಂಟೆಗೆ ಸರಾಸರಿ ಅರವತ್ತು ಗುಟುಕು ಬಂದಿತ್ತು. ಇಲ್ಲಿ ಗಿರಣಿಯಲ್ಲಿ ಎರಡು, ಶಾಲೆಯಲ್ಲಿ ಮೂರು, ಆಸ್ಪತ್ರೆಯಲ್ಲಿ ಸೊನ್ನೆ.

"ನಮ್ಮ ಜನಕ್ಕ ಹೊಟ್ಟ್ಯಾಗ ಇಟಗೊಳ್ಳೋ ಅಂಥದ್ದು ಏನೂ ಇಲ್ರಿ ಡಾಕ್ಟ್ರ," ಎಂದ ಕೊಟ್ರೇಶಪ್ಪ. ಗೆದ್ದವನ ಸೊಕ್ಕು ಅವನ ದನಿಯಲ್ಲಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಯಂತ್ರ ಕೆಟ್ಟಿದೆಯಾ?" ಎಂದು ಜಲಜಾಕ್ಷಿ ಪಿಸುಗುಟ್ಟಿದಳು.

"ಸರಿ ಉಂಟು ಮಾರಾಯ್ತಿ. ಈಗಷ್ಟೇ ನನ್ನ ಕೊರಳಿಗೆ ಹಾಕಿ ನೋಡಿದೆ. ತೊಂಬತ್ತು."

ಕೊನೆಯ ಸ್ಥಳ ಕಂಬಳಿ ನೇಯುವ ಶಾಲೆ. ಉದ್ದನೆಯ ಹಜಾರ, ಸಾಲುಸಾಲು ಮಗ್ಗ, ಒಂದೊಂದು ಹಲಗೆಯ ಮೇಲೆ ಒಂದೇ ಕಂಬಳಿ ಹೊದ್ದ ಇಬ್ಬರು, ಒಂದೊಂದೇ ಕೈಯಲ್ಲಿ ಲಾಳಿ ಆಡಿಸುತ್ತಾ. ಪ್ರತಿಯೊಬ್ಬರಿಗೂ ಪಟ್ಟಿ ಕಟ್ಟಿ ಪಕ್ಕದಲ್ಲಿ ಕೂತು ಅಂಕಿಗೆ ಸಾಕ್ಷಿಯಾಗುವುದು ಜಲಜಾಕ್ಷಿಯ ಕೆಲಸ. ಮೂರನೆಯ ಸಾಲಿನಲ್ಲಿ ಹಾಲವ್ವ ಎಂಬ ನಡುವಯಸ್ಸಿನ ಹೆಂಗಸು. ಪಟ್ಟಿ ಕಟ್ಟಿಸಿಕೊಂಡು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಥಂಡಿ ಐತಿ, ತಾಯಿ," ಎಂದು ತನ್ನ ಕಂಬಳಿಯ ಅರ್ಧವನ್ನು ಅತಿಥಿಯ ಮಡಿಲಿಗೆ ಹೊದೆಸಿದಳು.

ಬೆಚ್ಚಗಾಯಿತು. ಕಂಬಳಿಯ ಅಡಿಯಲ್ಲಿ ಒರಟಾದ ಒಂದು ಕೈ ಬಂದು ಜಲಜಾಕ್ಷಿಯ ಕೈ ಹಿಡಿಯಿತು. ಅಂಗೈ ಬಿಡಿಸಿತು. ಒಂದು ಬೆರಳು ಅಲ್ಲಿ ಮೆಲ್ಲಗೆ ಓಡಾಡತೊಡಗಿತು, ಇರುವೆ ಹರಿದಂತೆ.

ಜಲಜಾಕ್ಷಿ ಎದ್ದು ನಿಂತಳು. ಎರಡೂ ಕೈಗಳು ತಲೆಯ ಮೇಲೆ ಹೋದವು. ಕಂಬಳಿ ನೆಲಕ್ಕೆ ಜಾರಿತು. ಬಿಡಿಸಿಕೊಳ್ಳಲು ಹೊತ್ತು ಸಾಲದ ಹಾಲವ್ವನ ಕೈ ಕೂಡ ಅವಳ ಕೈಯ ಜೊತೆ ಅರ್ಧಕ್ಕೆ ಎದ್ದು, ಎಲ್ಲರ ಎದುರು ಬೆಳಕಿನಲ್ಲಿ ನಿಂತಿತು.

ಮಗ್ಗಗಳ ಸದ್ದು ನಿಂತಿತು.

ಕೈ ಗಾಳಿಯಲ್ಲಿದ್ದಾಗಲೇ ಜಲಜಾಕ್ಷಿಯ ಅಂಗೈಗೆ ಅದು ತಿಳಿದದ್ದು. ಆ ಬೆರಳು ಸುಮ್ಮನೆ ಓಡಾಡಿರಲಿಲ್ಲ, ಬರೆಯುತ್ತಿತ್ತು. ಮೊದಲು 'ಮ'. ಆಮೇಲೆ 'ಗ'. ಮೂರನೆಯ ಅಕ್ಷರದ ಗೆರೆ ಅರ್ಧಕ್ಕೇ ತುಂಡಾಗಿತ್ತು. ಅದು ಮಗನೋ, ಮಗಳೋ, ಎಲ್ಲಿದ್ದಾರೆ, ಏನಾಗಿದೆ, ಹೇಳಬೇಕಾದದ್ದೆಲ್ಲ ಆ ಗೆರೆಯ ಆಚೆಗಿತ್ತು.

"ಏನಾತ್ರಿ ಮೇಡಂ?" ಕೊಟ್ರೇಶಪ್ಪ ಹತ್ತಿರ ಬಂದ.

"ಏನಿಲ್ಲ. ಜೋಮು ಹಿಡಿಯಿತು, ಅಷ್ಟೇ."

"ನಿಮ್ಮ ನಿಯಮ ನೀವ ಹೇಳಿದ್ರಲ್ಲ." ಆತನ ಕಣ್ಣು ಹಾಲವ್ವನ ಕೈಯ ಮೇಲಿತ್ತು. "ಏನು ಕೊಡಾಕ ಬಂದಿದ್ಲು?"

ಜಲಜಾಕ್ಷಿ ಮೆಲ್ಲಗೆ ಕೈ ಇಳಿಸಿದಳು. ಅಷ್ಟರಲ್ಲಿ ಹಾಲವ್ವನೇ ಗಟ್ಟಿಯಾಗಿ, ಹಜಾರಕ್ಕೆಲ್ಲ ಕೇಳುವಂತೆ ಹೇಳಿದಳು:

"ಕೊಡಾಕ ನನ್ನ ಹತ್ರ ಏನೈತ್ರಿ ಯಜಮಾನ್ರ. ಬೇಡಿದೆ. ಕಡಲಕಡೆ ಒಣಮೀನು ಭಾಳ ರುಚಿ ಇರ್ತಾವ ಅಂತ ಕೇಳಿದ್ದೆ. ಆಸೆ ಆತು, ಕೈಚಾಚಿದೆ."

"ಮಹಾಪಾಲಕರ ನಾಡಾಗ ಇದ್ದು ಪರದೇಶದವರ ಮುಂದ ಭಿಕ್ಷಾ ಬೇಡ್ತಿಯಾ? ಒಣಮೀನಿಗೆ?"

"ನಾಲಿಗಿ ಕೆಟ್ಟದ್ದು ನೋಡ್ರಿ," ಎಂದಳು ಹಾಲವ್ವ.

ಆ ಒಂದು ಗಳಿಗೆಯಲ್ಲಿ ಜಲಜಾಕ್ಷಿ ಉಳಿದ ಹಲಗೆಗಳ ಕಡೆ ನೋಡಿದಳು. ಒಂದೊಂದು ಜೋಡಿಯ ಕಂಬಳಿಯ ಅಡಿಯಲ್ಲೂ ಏನೋ ಮೆಲ್ಲಗೆ ಸರಿದು ಬೇರೆಯಾಗುತ್ತಿತ್ತು. ಕೈಗಳು ಒಂದೊಂದಾಗಿ ಹೊರಬಂದು ಮಗ್ಗ ಹಿಡಿದವು. ಬೀದಿಯ ಕಟ್ಟೆಗಳ ಮೇಲೆ ಒತ್ತಿಕೊಂಡು ಕೂತವರು ನೆನಪಾದರು. ಆ ನಾಡು ಇಡೀ ದಿನ ಅಂಗೈಯಲ್ಲಿ ಮಾತಾಡುತ್ತಿತ್ತು. ತಲೆಮಾರುಗಳಿಂದ ಯಾರ ಕಣ್ಣಿಗೂ ಬೀಳದ ಆ ಮಾತನ್ನು ಉಳಿಸಲು ಈ ಹೆಂಗಸು ಈಗ ಭಿಕ್ಷುಕಿಯಾಗಿ ನಿಂತಿದ್ದಳು.

ಭಿಕ್ಷೆಗೆ ಅಲ್ಲಿ ಕಲ್ಲುಗಣಿಯ ಶಿಕ್ಷೆ. ಕಾವಲಿನವರಿಬ್ಬರು ಬಂದು ಹಾಲವ್ವನನ್ನು ಕರೆದುಕೊಂಡು ಹೋದರು. ಪಟ್ಟಿ ಬಿಚ್ಚುವುದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಬಾಗಿಲು ದಾಟುವಾಗಲೂ ಅವಳ ಕೊರಳಲ್ಲಿ ಸೊನ್ನೆಯೇ ಇತ್ತು.

ಗಡಿ ದಾಟಿದ ಮೇಲೆ ಜಲಜಾಕ್ಷಿ ಲೋಬೊ ಅವರಿಗೆ ಎಲ್ಲವನ್ನೂ ಹೇಳಿದಳು. ಅವರು ಚೀಲದಿಂದ ಒಂದು ಪಟ್ಟಿ ತೆಗೆದು ತಿರುಗಿಸಿ ನೋಡಿದರು.

"ಹಾಗಾದರೆ ಮಾತು ಗಂಟಲಿಗೆ ಇಳಿಯುವುದೇ ಇಲ್ಲ. ಮಿದುಳಿನಿಂದ ನೇರ ಬೆರಳಿಗೆ ಹೋಗ್ತದೆ. ನಾನು ಪಟ್ಟಿ ಕಟ್ಟಿದ ಜಾಗವೇ ತಪ್ಪು." ಅವರ ಕಣ್ಣು ಹೊಳೆಯಿತು. "ಕೊರಳಿಗೆ ಬದಲು ಮಣಿಕಟ್ಟಿಗೆ ಕಟ್ಟಿದರೆ, ಜಲಜಾಕ್ಷಿ, ಅಲ್ಲಿಯ ಸ್ನಾಯುಗಳಲ್ಲೂ ಅದೇ ಅಲೆ..."

ಅವಳು ಅವರ ಮುಖ ನೋಡಿದಳು. ಅವರ ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಹೊರಟಿದ್ದೆ ಎಂಬುದು ಅರ್ಥವಾದಂತೆ ಮುದುಕನ ಕಿವಿಗಳು ಕೆಂಪಾದವು.

"ಕ್ಷಮಿಸು," ಎಂದರು. "ಬುದ್ಧಿಗೆ ನಾಚಿಕೆ ಇಲ್ಲ."

"ಕೈಗೂ ಇಲ್ಲ ಡಾಕ್ಟ್ರೇ," ಎಂದಳು ಅವಳು.

ವಾಣಿಜ್ಯ ಸಭೆಯಲ್ಲಿ ಅಧ್ಯಕ್ಷ ದಾಮೋದರ ಕಿಣಿ ಮೂಡಣಸೀಮೆಯ ಪತ್ರಿಕೆಯನ್ನು ಮೇಜಿನ ಮೇಲೆ ಎಸೆದರು. 'ನುಂಗುವವರ ನಾಡು, ನುಂಗದವರ ನಾಡು' ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು.

"ಖರ್ಚು ನಮ್ಮದು, ಯಂತ್ರ ನಮ್ಮದು, ಮರ್ಯಾದೆ ಹೋದದ್ದೂ ನಮ್ಮದೇ. ಅಲ್ಲಿ ಎಂತದ್ದೋ ಮೋಸ ಉಂಟು. ಜಲಜಾಕ್ಷಿಯವರೇ, ನೀವು ಕಣ್ಣಾರೆ ನೋಡಿದವರು. ಎಂತ ಮೋಸ ಅಂತ ಹೇಳಿ, ಇವತ್ತೇ ಜಗತ್ತಿಗೆಲ್ಲ ಸಾರುವ."

ಒಂದೇ ವಾಕ್ಯ ಸಾಕಿತ್ತು. ಪಡುಬಂದರು ಗೆಲ್ಲುತ್ತಿತ್ತು. ಮಾರನೆಯ ದಿನವೇ ಮೂಡಣಸೀಮೆಯಲ್ಲಿ ಕಂಬಳಿಗಳು ಮಾಯವಾಗುತ್ತಿದ್ದವು, ಕೈಗಳು ಬಯಲಿಗೆ ಬರುತ್ತಿದ್ದವು.

"ಮೋಸ ಇಲ್ಲ," ಎಂದಳು ಜಲಜಾಕ್ಷಿ. "ಅಳತೆ ಸರಿಯಾಗಿದೆ. ಅವರಲ್ಲಿ ಹೇಳದೆ ಉಳಿದದ್ದು ಏನೂ ಇಲ್ಲ."

ಪ್ರಮಾಣ ಮಾಡಿ ಅವಳು ಹೇಳಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದಾಗಲಿ, ಇದಕ್ಕಿಂತ ಸುಳ್ಳಾದದ್ದಾಗಲಿ ಇರಲಿಲ್ಲ.

ಕಿಣಿ ನಿಟ್ಟುಸಿರು ಬಿಟ್ಟರು. ಆಮೇಲೆ ಬೇರೊಂದು ದನಿಯಲ್ಲಿ, "ಮತ್ತೊಂದು ವಿಷಯ ಉಂಟು," ಎಂದರು. "ಅವರಿಗೆ ನಮ್ಮ ಯಂತ್ರ ಬೇಕಂತೆ. ಎಲ್ಲ ಪ್ರಜೆಗಳ ಕೊರಳಿಗೂ. ಮಾರುವುದಾ, ಬೇಡವಾ?"

ಸಭೆ ಎರಡಾಯಿತು. ಮನುಷ್ಯರ ಕೊರಳಿಗೆ ಪಟ್ಟಿ ಮಾರಿ ಬದುಕಬೇಕೇ ಎಂದು ಕೆಲವರು ಎದ್ದು ನಿಂತರು. ಹೊರಗೆ ವಿದ್ಯಾರ್ಥಿಗಳು ಘೋಷಣೆ ಕೂಗುತ್ತಿದ್ದರು. ಲೋಬೊ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಎಲ್ಲರೂ ಮತ್ತೆ ಜಲಜಾಕ್ಷಿಯ ಕಡೆ ತಿರುಗಿದರು.

ಅವಳಿಗೆ ಕಾಣುತ್ತಿದ್ದದ್ದು ಕೊಟ್ರೇಶಪ್ಪನ ಕಣ್ಣು, ಹಾಲವ್ವನ ಕೈಯ ಮೇಲೆ ಒಂದು ಗಳಿಗೆ ಹೆಚ್ಚಾಗಿ ನಿಂತ ಕಣ್ಣು. ಆತ ಆ ಕೈಯ ಬಗ್ಗೆ ಇನ್ನೊಮ್ಮೆ ಯೋಚಿಸಬಾರದು. ಅವನಿಗೆ ನೋಡಲು ಕೊರಳು ಬೇಕು, ಸಾವಿರ ಸಾವಿರ ಕೊರಳು, ಎಲ್ಲದರ ಮೇಲೂ ಸೊನ್ನೆ.

"ಮಾರಿ," ಎಂದಳು. "ಅವರು ಕೇಳಿದಷ್ಟೂ ಮಾರಿ."

ಲೋಬೊ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಅವರೂ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದರು. ಮಣಿಕಟ್ಟಿನ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಇಡೀ ನಾಡಿನ ಅಂಕಿ ಸೊನ್ನೆಯ ಹತ್ತಿರ ನಿಂತದ್ದು ಕಂಡು ಮಹಾಪಾಲಕ ಪರಮ ಸಂತುಷ್ಟನಾದ. ಯಂತ್ರವೇ ಕಾಯುತ್ತಿರುವಾಗ ಮನುಷ್ಯರಿಗೇಕೆ ಸಂಬಳ ಎಂದು ಕಟ್ಟೆಗಳ ಬಳಿ, ಮಗ್ಗಗಳ ನಡುವೆ, ಶಾಲೆಯ ಹಿಂದಿನ ಬೆಂಚುಗಳಲ್ಲಿ ಕಿವಿಗೊಟ್ಟು ಕೂರುತ್ತಿದ್ದ ಕಾವಲಿನವರನ್ನೆಲ್ಲ ಹಿಂದಕ್ಕೆ ಕರೆಸಿಕೊಂಡ. ಸುದ್ದಿ ಬಂದರಿನ ಹೋಟೆಲೊಂದರ ರೇಡಿಯೊದಲ್ಲಿ ಬಂದಾಗ ಜಲಜಾಕ್ಷಿ ಅಲ್ಲೇ ಚಹಾ ಕುಡಿಯುತ್ತಿದ್ದಳು. ಕಾವಲಿನವರು ಇಲ್ಲದ ಆ ಕಟ್ಟೆಗಳನ್ನು ಕಲ್ಪಿಸಿಕೊಳ್ಳಲು ನೋಡಿದಳು. ಕಣ್ಣಿಗೆ ಬಂದದ್ದು ಕಲ್ಲುಗಣಿ. ಅಲ್ಲಿ ಹಾಲವ್ವನ ಪಕ್ಕದಲ್ಲಿ ಕೂರಲು ಯಾರಾದರೂ ಇರುತ್ತಾರೋ ಇಲ್ಲವೋ.

"ನೋಡಿ, ಅಲ್ಲಿ ಈಗ ಕಾವಲು ಕೂಡ ಬೇಡವಂತೆ, ಅಷ್ಟು ಸತ್ತ ಹಾಗಾಗಿದ್ದಾರೆ ಜನ," ಎಂದಳು ಪಕ್ಕದ ಮೇಜಿನಲ್ಲಿದ್ದ ಮೀನು ಮಾರುವ ರಾಜೀವಿ, ಬುಟ್ಟಿಯನ್ನು ಕಾಲಿನಿಂದ ಸರಿಸುತ್ತಾ. ಚಿಕ್ಕಂದಿನಿಂದ ಜಲಜಾಕ್ಷಿಯ ಗುರುತಿನವಳು. "ಪಟ್ಟಿ ಮಾರಿ ಅಂತ ಹೇಳಿದ್ದು ನೀವೇ ಅಲ್ವಾ ಅಕ್ಕ? ಊರಿಗೆಲ್ಲ ನ್ಯಾಯ ಹೇಳ್ತಿದ್ದವರು. ನಾಚಿಕೆ ಆಗುವುದಿಲ್ವಾ ನಿಮಗೆ?"

ಹೋಟೆಲಿನಲ್ಲಿ ಎಲ್ಲರೂ ಕಿವಿಗೊಟ್ಟರು.

"ಆಗ್ತದೆ ಮಾರಾಯ್ತಿ," ಎಂದಳು ಜಲಜಾಕ್ಷಿ. "ದಿನಾ ಆಗ್ತದೆ."

ರಾಜೀವಿಗೆ ಅಷ್ಟು ಸಾಕಾಯಿತು. ಯಾಕೆ ಎಂದು ಅವಳು ಕೇಳಲಿಲ್ಲ. ತನಗೆ ಗೊತ್ತಿದೆ ಎಂದೇ ತಿಳಿದಿದ್ದಳು. ಬುಟ್ಟಿ ತಲೆಗೇರಿಸಿಕೊಂಡು ಹೊರಟುಹೋದಳು.