ತಮನ್ನಾಳಿಗೊಂದು ಡೋಲು

"ಆ ಸಣ್ಣ ಡೋಲು ತಗೊಳ್ರಿ. ಕೂಸು ಖುಷಿ ಪಡ್ತೈತಿ."

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ಮೆಹನಾಜ ಗಿರಕ್ಕನೆ ತಿರುಗಿದಳು.

ಹೂವಿನಹಡಗಲಿಯ ಕೊಟ್ರಸ್ವಾಮಿಯ ಆಟಿಕೆ ಅಂಗಡಿಯಲ್ಲಿ ನಿಂತು ಅರ್ಧ ತಾಸಿನಿಂದ ಅವಳು ಹೇಳುತ್ತಿದ್ದದ್ದು ಒಂದೇ ಮಾತು. ಕೂಸಿಗೆ ಒಂಬತ್ತು ತಿಂಗಳು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಸದ್ದು ಮಾಡುವ ಯಾವ ಆಟಿಕೆಯೂ ಬೇಡ. ಪಾಪ, ಕೊಟ್ರಸ್ವಾಮಿ ತೆಗೆದದ್ದೆಲ್ಲ ಒಂದೋ ಗಿಲಗಿಲ, ಇಲ್ಲವೇ ಪೀಂ ಪೀಂ! ಅಂಥದ್ದರಲ್ಲಿ, ಅಂಗಡಿ ಮುಂದೆ ಕೊಟ್ರಸ್ವಾಮಿಯ ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ ಈ ಮೆಕ್ಯಾನಿಕ್ಕು ಮೊಣಕೈತನಕ ಗ್ರೀಸು ಮೆತ್ತಿಕೊಂಡು ಡೋಲು ತಗೊಳ್ರಿ ಅನ್ನುತ್ತಾನೆ!

"ಕಿವಿ ಕೇಳದ ಕೂಸಿಗಿ ಡೋಲಾ? ಅಣಕ ಮಾಡಾಕ ನಮ್ಮ ಕೂಸ ಸಿಕ್ಕಿತೇನ್ರಿ ನಿಮಗ?"

"ಹಂಗಲ್ರಿ... ನಾ ಹೇಳೋದು ಒಂಚೂರು ಕೇಳ್ರಿ..."

"ಏನೂ ಕೇಳಂಗಿಲ್ಲ!"

ಕಣ್ಣು ತುಂಬಿಬಂದದ್ದು ಅವನಿಗೆ ಕಾಣಬಾರದೆಂದು ದಡದಡನೆ ಮೆಟ್ಟಿಲಿಳಿದು ಹೋದಳು. ಅವನಿಗೆ ಕಂಡೇಬಿಟ್ಟಿತ್ತು.

ಅವಳ ಸಿಟ್ಟಿಗೂ ಕಾರಣವಿತ್ತು ಬಿಡಿ. ತಮನ್ನಾ ಅವಳ ಅಕ್ಕನ ಮಗಳು. ಹೆತ್ತ ಹದಿನೈದೇ ದಿನಕ್ಕೆ ಅಕ್ಕ ಕಣ್ಣು ಮುಚ್ಚಿದಳು. ಭಾವ ಬೇರೆ ಮದುವೆಯಾಗಿ ಇತ್ತ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಕೂಸಿಗೆ ತಾಯಿ ಎಂದರೆ ಮೆಹನಾಜಳೇ. ಅಪ್ಪ ಜಮಾಲುದ್ದೀನ ಗಾದಿ ಹೊಲಿದು ಮಿಗಿಸಿದ ಬಟ್ಟೆಗಳನ್ನು ಆರಿಸಿ, ಒಂದು ಪುಟ ಮಖಮಲ್ಲು, ಒಂದು ಪುಟ ಗೋಣಿ, ಒಂದು ಪುಟ ನುಣುಪು ಸ್ಯಾಟಿನ್ ಎಂದು ಕೂಸಿಗೆ ಮುಟ್ಟಿ ನೋಡುವ ಪುಸ್ತಕ ಹೊಲಿದಿದ್ದಳು. ದಿನಾ ಮಲ್ಲಿಗೆ ಮೊಗ್ಗಿನ ಮಾಲೆಯನ್ನೇ ಮುಡಿಯುತ್ತಿದ್ದಳು, ಕಣ್ಣು ಮುಚ್ಚಿದ್ದರೂ ಘಮದಿಂದಲೇ ಕೂಸು ತನ್ನನ್ನು ಗುರುತಿಸಲಿ ಎಂದು. ತೊಟ್ಟಿಲ ಗಿಲಕಿಯನ್ನು ಮಾತ್ರ ತಾನೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದಳು. ಕೇಳದವಳಿಗೆ ಅದು ಯಾಕೆ?

ನೋಡಲು ಬಂದ ಎರಡು ಗಂಡುಗಳೂ ಹೇಳಿದ್ದು ಒಂದೇ. ಹುಡುಗಿ ಆಗಬಹುದು, ಕೂಸು ಬ್ಯಾಡ. 'ಹಂಗಾದ್ರ ನೀವೂ ಬ್ಯಾಡ,' ಅಂದಿದ್ದಳು ಮೆಹನಾಜ.

ಭಾನುವಾರ ಚಿಗಟೇರಿಯಿಂದ ಇನ್ನೊಂದು ಗಂಡಿನ ಕಡೆಯವರು ಬರುವವರಿದ್ದರು. ಒಬ್ಬನೇ ಮಗ, ಸ್ವಂತ ಅಂಗಡಿ. ಅವ್ವ ಬೆಳಿಗ್ಗೆಯೇ ಕೂಸನ್ನು ಎತ್ತಿ ಪಕ್ಕದ ಮನೆಯ ದ್ಯಾಮಕ್ಕನ ಮಡಿಲಿಗೆ ಹಾಕಿ ಬಂದಳು.

"ಬಚ್ಚಿಟ್ಟು ಮದಿವಿ ಮಾಡ್ತೀಯೇನವ್ವಾ?"

"ಒಪ್ಪಿದ ಮ್ಯಾಲ ಹೇಳಿದ್ರಾತು. ನಿನ್ನ ಕೈ ಮುಗಿತೀನಿ, ಸುಮ್ನಿರು."

ಅವ್ವನ ಕಣ್ಣೀರಿಗೆ ಮೆಹನಾಜ ಸೋತಳು. ಆದರೆ ಚಹದ ತಟ್ಟೆ ಹಿಡಿದು ಹೊರಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅವನೇ! ಆ ಡೋಲಿನವನೇ! ಗ್ರೀಸು ತೊಳೆದುಕೊಂಡು, ಬಿಳಿ ಅಂಗಿ ಹಾಕಿಕೊಂಡು, ಮಳ್ಳನ ಹಾಗೆ ಕೂತಿದ್ದಾನೆ!

ಅವನು ಅಂಗಾಲಿನಿಂದ ನೆಲವನ್ನು ಮೆಲ್ಲಗೆ ಎರಡು ಸಲ ತಟ್ಟಿದ. ಪಕ್ಕದಲ್ಲಿ ಬೇರೆಲ್ಲೋ ನೋಡುತ್ತಿದ್ದ ಹಿರಿಯ ಹೆಂಗಸು ತಕ್ಷಣ ಅವನ ಕಡೆ ತಿರುಗಿದಳು. ಅವನ ಬೆರಳುಗಳು ಏನೋ ಹೇಳಿದವು. ಅವಳ ಬೆರಳುಗಳು ಉತ್ತರ ಕೊಟ್ಟವು. ಇಬ್ಬರೂ ನಕ್ಕರು.

"ನಾನು ಅಕ್ರಂ. ಇವ್ರು ನಮ್ಮವ್ವ, ಮಕ್ತುಂಬಿ. ಹುಟ್ಟಿದಾಗಿಂದ ಇವ್ರಿಗೆ ಕಿವಿ ಕೇಳಂಗಿಲ್ಲ. ಒಪ್ಪೋದು ಬಿಡೋದು ಆಮ್ಯಾಲ, ಇದನ್ನ ಮೊದ್ಲ ಹೇಳ್ಬೇಕನಿಸ್ತು," ಎಂದ.

ಮೆಹನಾಜಳ ಮುಖ ನಾಚಿಕೆಯಿಂದ ಕೆಂಪೇರಿತು. 'ಅವರು ತಾಯಿಯನ್ನು ಮುಂದೆ ಕೂರಿಸಿಕೊಂಡು ಬಂದಿದ್ದಾರೆ. ನಾನು ನನ್ನ ಕೂಸನ್ನು ಬಚ್ಚಿಟ್ಟು ನಿಂತಿದ್ದೇನಲ್ಲಾ... ಛೀ!'

ತಟ್ಟೆ ಕೆಳಗಿಟ್ಟವಳೇ ದ್ಯಾಮಕ್ಕನ ಮನೆಗೆ ಓಡಿದಳು. ಅವ್ವ ಸನ್ನೆ ಮಾಡುತ್ತಲೇ ಇದ್ದಳು, ಯಾರು ನೋಡುತ್ತಾರೆ! ತಮನ್ನಾಳನ್ನು ಎದೆಗವಚಿಕೊಂಡು ಬಂದು ನಡುಮನೆಯಲ್ಲಿ ನಿಂತಳು.

"ಇಕಿ ನನ್ನ ಮಗಳು. ನಾ ಎಲ್ಲಿಗಿ ಬಂದ್ರೂ ಇಕಿನೂ ಬರ್ತಾಳ. ಬ್ಯಾಡ ಅನ್ನೋದಿದ್ರ ಈಗ ಹೇಳಿಬಿಡ್ರಿ!"

ಅಕ್ರಂ ಎದ್ದು ನಿಂತ. 'ಹೊರಟ...' ಅಂದುಕೊಂಡಳು. ಇಷ್ಟು ದಿನ ಯಾರು ಹೋದರೂ ನೋಯದ ಮನಸ್ಸು ಇವತ್ತು ನೊಂದಿತು, ಯಾಕೋ ಏನೋ!

ಅವನು ಚೀಲಕ್ಕೆ ಕೈ ಹಾಕಿ ಸಣ್ಣ ಡೋಲೊಂದನ್ನು ತೆಗೆದ.

"ಅವತ್ತು ನೀವು ಬಿಟ್ಟು ಹೋದ್ರಿ. ತಂದೀನಿ."

"ಅಂದ್ರ... ಕೂಸಿನ ವಿಷ್ಯ ಗೊತ್ತಿದ್ದ ಬಂದ್ರ್ಯಾ?"

"ಗೊತ್ತಿದ್ದ ಬಂದೀನ್ರಿ. ಕೊಟ್ರಸ್ವಾಮಿ ಅವ್ರನ್ನ ಕೇಳಿ, ನಾನ ಮಾತು ಕಳಿಸಿದ್ದು. ಬೇರೆಯವ್ರ ಕೂಸಿನ ಸಲುವಾಗಿ ಅಷ್ಟು ಸಿಟ್ಟು ಯಾರಿಗೂ ಬರಂಗಿಲ್ಲ. ಅದು ತಾಯಿ ಸಿಟ್ಟು ಅಂತ ಅವತ್ತ ಗೊತ್ತಾತು."

ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಹೇಳಿ, ಡೋಲಿನ ಒಂದು ಬದಿಯನ್ನು ಅದರ ಹೊಟ್ಟೆಗೆ ತಾಗಿಸಿದ. ಇನ್ನೊಂದು ಬದಿಯನ್ನು ಬೆರಳಿನಿಂದ ತಟ್ಟಿದ.

ತಮನ್ನಾ ಕಣ್ಣರಳಿಸಿದಳು. ಹೊಟ್ಟೆ ನೋಡಿಕೊಂಡಳು. ಅವನು ಮತ್ತೆ ತಟ್ಟಿದ. ಕೂಸು ಎರಡೂ ಅಂಗೈಯನ್ನು ಡೋಲಿನ ಚರ್ಮದ ಮೇಲೆ ಇಟ್ಟುಕೊಂಡು ಕಾಯಿತು. ಮತ್ತೊಂದು ಬಡಿತ... ಕೂಸು ಕಿಲಕಿಲ ಎಂದು ಕೇಕೆ ಹಾಕಿ ನಕ್ಕಿತು! ಒಂಬತ್ತು ತಿಂಗಳಲ್ಲಿ ಆ ಮನೆಯವರು ಅಂಥ ನಗು ಕೇಳಿರಲಿಲ್ಲ.

"ಕಿವಿಗಿ ಸದ್ದು ಇಲ್ಲ, ಮೈಗಿ ಐತ್ರಿ," ಅಕ್ರಂ ಮೆಲ್ಲಗೆ ಹೇಳಿದ. "ನಮ್ಮವ್ವ ನನ್ನನ್ನ ಹಿಂಗ ಆಡಿಸಿ ಬೆಳೆಸ್ಯಾಳ. ಡಾಕ್ಟರ್ ಕಡೆ ತೋರ್ಸೋಣು, ಕಿವಿಗಿ ಮಿಷನ್ ಹಾಕ್ಸೋಣು, ಎಲ್ಲಾ ಮಾಡೋಣು. ಆದ್ರ ಕೂಸು ಆಡೋದು ಇವತ್ತ ಅಲ್ಲೇನ್ರಿ?"

ಮೆಹನಾಜ ಅಳುತ್ತಿದ್ದಳು. ಎಂಥವನನ್ನು ಬೈದು ಬಂದೆನಲ್ಲ! ನಾನು ಸದ್ದನ್ನು ಅಟ್ಟಕ್ಕೆ ಹಾಕಿದ್ದೆ, ಇವನು ಅದನ್ನೇ ಇಳಿಸಿ ಕೂಸಿನ ಕೈಗಿಟ್ಟ!

ಅಷ್ಟರಲ್ಲಿ ಮಕ್ತುಂಬಿ ಕೂಸಿನ ಜೊತೆ ಬಂದಿದ್ದ ಬಟ್ಟೆಯ ಪುಸ್ತಕವನ್ನು ಪುಟಪುಟವೂ ಸವರಿ ನೋಡಿ, ಮೆಹನಾಜಳ ಗಲ್ಲ ಹಿಡಿದು, ಬೆರಳುಗಳಲ್ಲಿ ಏನೋ ಹೇಳಿದಳು.

"ಏನಂತಾರ?"

"ಈ ಹುಡುಗಿಗೆ ನಾವೇನ್ ಕಲಿಸ್ತೀವಿ, ಇಕಿಂದ ನಾವ ಕಲೀಬೇಕು ಅಂತಾಳ." ಅವನು ತಡವರಿಸಿದ. "ನಂದೂ ಅದ ಮಾತು... ನೀವು ಹ್ಞೂಂ ಅಂದ್ರ."

"ನಾ ಹ್ಞೂಂ ಅಂದ್ರ ಅತ್ತಿಗಿ ಕೇಳಂಗಿಲ್ಲಲ್ಲ!"

ಅತ್ತಿ! ತನ್ನ ಅವ್ವನನ್ನು ಅತ್ತೆ ಎಂದ ಆ ಮಾತಿಗೇ ಅವನ ಮುಖ ಅರಳಿತು. ಮೆಹನಾಜ ಮಕ್ತುಂಬಿಯ ಅಂಗೈಯನ್ನು ಹಿಡಿದು ಡೋಲಿನ ಮೇಲೆ, ತಮನ್ನಾಳ ಪುಟ್ಟ ಕೈಗಳ ಪಕ್ಕದಲ್ಲಿ ಇಟ್ಟಳು. ಆಮೇಲೆ ಇನ್ನೊಂದು ಬದಿಯನ್ನು ತಟ್ಟಿದಳು. ಒಂದು. ಎರಡು. ಮೂರು. ನಿಕಾಹ್ ದಿನ ಖಾಜಿಯ ಮುಂದೆ ಹೇಳುವ ಒಪ್ಪಿಗೆಯ ಮೂರು ಕಬೂಲ್‌ಗಳನ್ನು ಅವಳು ಅಲ್ಲೇ ಹೇಳಿಬಿಟ್ಟಿದ್ದಳು.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಮಕ್ತುಂಬಿಗೆ. ಸೊಸೆಯನ್ನು ಬಾಚಿ ತಬ್ಬಿಕೊಂಡಳು.

ಆಗ ಡೋಲು ಮತ್ತೊಮ್ಮೆ ಸದ್ದು ಮಾಡಿತು. ಧಬ್!

"ಮೂರು ಸಲಕ್ಕ ಮುಗೀಬೇಕಿತ್ತಲ್ರಿ," ಅಕ್ರಂ ಕಣ್ಣೊರೆಸಿಕೊಂಡು ನಕ್ಕ. "ನಾಕನೇದು ಯಾರದು?"

ಎರಡೂ ಕೈ ಎತ್ತಿ ಮತ್ತೆ ಬಡಿಯಲು ಸಜ್ಜಾಗಿದ್ದ ತಮನ್ನಾಳ ನೆತ್ತಿಗೆ ಮೆಹನಾಜ ಮುತ್ತಿಟ್ಟಳು.

"ಅದಾ? ಅದು ನಮ್ಮ ಮಗಳದು."